ಯಾರೂ ಕಳಿಸದ ಫ್ರಿಜ್

ನಮ್ಮ ಮನೆ, ಅಡುಗೆಮನೆಯ ಮೇಜಿನಿಂದ
ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಬೆಟ್ಟದ ಮೇಲಿನ ಹೋಟೆಲು, ಚಳಿ ಜಾಸ್ತಿ ಎಂದು ನಿನ್ನ ಬಟ್ಟೆ ಒಯ್ಯಲು ಬರುವ ಡ್ರೈವರ್ ಹೇಳಿದ. ಉಣ್ಣೆಯ ಶಾಲನ್ನೂ ರಕ್ತದೊತ್ತಡದ ಮಾತ್ರೆಯನ್ನೂ ಈ ಸಲದ ಬಟ್ಟೆ ಚೀಲದಲ್ಲಿ ಇಡುತ್ತಿದ್ದೇನೆ. ಮಾತ್ರೆ ಬೆಳಗಿನ ತಿಂಡಿಯ ನಂತರ, ಮರೆಯಬೇಡ. ಅಲ್ಲಿ ಬೆಳಿಗ್ಗೆಯೇ ಮೇಜಿನ ಉದ್ದಕ್ಕೂ ಹತ್ತಾರು ಬಗೆಯ ತಿಂಡಿ ಇಟ್ಟಿರುತ್ತಾರಂತೆ, ಯಾವುದರ ನಂತರ ಎಂದು ಗೊಂದಲ ಮಾಡಿಕೊಂಡು ಕೂರಬೇಡ. ಮೆತ್ತನೆಯ ಹಾಸಿಗೆ ನಿನ್ನ ಸೊಂಟಕ್ಕೆ ಆಗುವುದಿಲ್ಲ, ನೆಲದ ಮೇಲೆ ಹಾಸಿಕೊಂಡು ಮಲಗು. ನಾವು ನೆಲದ ಮೇಲೆ ಮಲಗಿದರೆ ಬಡತನ ಅನ್ನುತ್ತಾರೆ, ಪುರಸಭೆಯ ಸದಸ್ಯೆ ಮಲಗಿದರೆ ಸರಳತೆ ಅನ್ನುತ್ತಾರೆ. ಇಲ್ಲಿ ನಾವೆಲ್ಲ ಕ್ಷೇಮ. ಅಂದರೆ ಮನುಷ್ಯರು ಕ್ಷೇಮ. ಸಾಮಾನುಗಳ ಕ್ಷೇಮದ ವಿಚಾರ ಮುಂದೆ ಬರೆಯುತ್ತೇನೆ.

ನಿನಗಿಂತ ಮೊದಲು ಈ ಪತ್ರವನ್ನು ಬಿಡಿಸಿ ಓದುತ್ತಿರುವ ಮಹನೀಯರಿಗೂ ನನ್ನ ನಮಸ್ಕಾರ. ಸ್ವಾಮಿ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ನಾನೂ ಹೊಟ್ಟೆಪಾಡಿಗಾಗಿ ಬೇರೆಯವರು ಬರೆದದ್ದನ್ನೇ ಓದುವವನು, ಪತ್ರಿಕೆಯಲ್ಲಿ ಕರಡು ತಿದ್ದುವವನು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಇದರಲ್ಲಿ ಗುಟ್ಟೇನೂ ಇಲ್ಲ. ಗಂಡ ಹೆಂಡತಿಗೆ ಬರೆಯುವ ಪತ್ರದಲ್ಲಿ ಗುಟ್ಟು ಇರುವುದೆಲ್ಲ ಮದುವೆಯಾದ ಮೊದಲ ವರ್ಷ. ಓದಿ ಮುಗಿಸಿದ ಮೇಲೆ ಮೊದಲಿನ ಮಡಿಕೆಯಲ್ಲೇ ಮಡಿಸಿ ಕೊಡಿ, ಅಷ್ಟು ಸಾಕು.

ಇವಳೇ, ನೀನು ಹೊರಟ ಬೆಳಿಗ್ಗೆಯನ್ನು ನೆನೆದರೆ ಈಗಲೂ ನನಗೆ ನಗು ತಡೆಯುವುದಿಲ್ಲ. ಬಿಳಿ ಬೂಟಿನ ಯಜಮಾನರು ‘ಒಳಚರಂಡಿ ಅಧ್ಯಯನ ಪ್ರವಾಸ’ ಎಂದು ಬಸ್ಸು ಕಳಿಸಿದರು. ಅವರ ಕಡೆಯ ಸದಸ್ಯರೆಲ್ಲ ಇಸ್ಪೀಟು, ತಂಪು ಕನ್ನಡಕ, ಈಜುವ ಚಡ್ಡಿ ಹಿಡಿದು ಬಸ್ಸು ಹತ್ತಿದರೆ, ನೀನೊಬ್ಬಳು ಹೊಲಿಗೆಯ ಟೇಪನ್ನು ಕೊರಳಿಗೆ ಹಾಕಿಕೊಂಡು, ರಬ್ಬರ್ ಬೂಟು ಕೈಯಲ್ಲಿ ಹಿಡಿದು ಹತ್ತಿದೆ. “ಚರಂಡಿ ಅಗಲ ಅಳೀದೆ ಹೇಗ್ರೀ ಗೊತ್ತಾಗುತ್ತೆ?” ಎಂದು ನನ್ನನ್ನೇ ಗದರಿಸಿದೆ. ಅಲ್ಲಿಗೆ ಹೋದ ಕೂಡಲೇ ಎಲ್ಲರ ಫೋನುಗಳನ್ನೂ ಒಂದು ಬಕೆಟ್ಟಿಗೆ ಹಾಕಿಸಿಕೊಂಡರಂತೆ. ನೀನು ಚರಂಡಿ ಎಲ್ಲಿ ಎಂದು ಕೇಳಿದಾಗ ಈಜುಕೊಳ ತೋರಿಸಿದರಂತೆ. ನೀನು ಬಿಡದೆ ಅದನ್ನೇ ಅಳೆದೆಯಂತೆ. ಇಷ್ಟನ್ನೂ ಅವರ ಡ್ರೈವರ್ ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಅವನು ಹೋದ ಮೇಲೆ ನಿನ್ನ ಹೊಲಿಗೆ ಯಂತ್ರದ ಧೂಳು ಒರೆಸಿ ಮುಸುಕು ಹಾಕಿದೆ.

ಬರುವ ಸೋಮವಾರ ಪುರಸಭೆಯ ಅಧ್ಯಕ್ಷರ ಆಯ್ಕೆ. ಬಿಳಿ ಬೂಟಿನವರ ಕಡೆಗೂ ಕೆಮ್ಮಿನ ಸಾಹೇಬರ ಕಡೆಗೂ ಕೈಗಳು ಸರಿಸಮ, ಎರಡು ಕಡೆಗೂ ಸೇರದೆ ಗೆದ್ದವಳು ನೀನೊಬ್ಬಳೇ. ನಿನ್ನ ಕೈ ಎದ್ದ ಕಡೆಯವರು ಅಧ್ಯಕ್ಷರು. ಆ ಕೈಯ ಬೆಲೆ ನನಗೆ ಮದುವೆಯಾದಾಗಿನಿಂದ ಗೊತ್ತಿತ್ತು, ಊರಿಗೆ ಈಗ ಗೊತ್ತಾಗಿದೆ. ಮಾರುಕಟ್ಟೆಯಲ್ಲಿ ಹೆಂಗಸರಿಗೆ ಒಂದು ಶೌಚಾಲಯ ಕಟ್ಟಿಸಬೇಕು ಎಂಬ ಒಂದೇ ಮಾತು ಹಿಡಿದು ನೀನು ಗೆದ್ದವಳು. ಮಾರುಕಟ್ಟೆಯ ತುಂಬ ನಿನ್ನ ಕೈಯಲ್ಲಿ ಬಟ್ಟೆ ಹೊಲಿಸಿದ ಹೆಂಗಸರು, ಬೆಳಗಿನಿಂದ ಸಂಜೆವರೆಗೆ ನೀರು ಮುಟ್ಟದೆ ತರಕಾರಿ ಮಾರುವವರು. ನಮ್ಮ ಅಮ್ಮನೂ ಅಷ್ಟೇ, ಮಾರುಕಟ್ಟೆಗೆ ಹೋಗುವ ದಿನ ಎದ್ದಾಗಿನಿಂದ ಒಂದು ತೊಟ್ಟು ನೀರು ಕುಡಿಯುವುದಿಲ್ಲ. ಈಗ ಇಬ್ಬರೂ ಯಜಮಾನರು ಅಧ್ಯಕ್ಷರಾದ ಮರುದಿನವೇ ಕಟ್ಟಿಸುತ್ತೇವೆ ಎನ್ನುತ್ತಾರೆ. ಸಾಹೇಬರು ಎಂದಿನಂತೆ ಭರವಸೆಗೆ ಮೊದಲು ಒಂದು ಸಲ, ಆಮೇಲೆ ಒಂದು ಸಲ ಕೆಮ್ಮುತ್ತಾರೆ. ಬಿಳಿ ಬೂಟಿನವರು ಕೆಮ್ಮುವುದಿಲ್ಲ, ಅದಕ್ಕೇ ನಿನಗೆ ಅವರ ಮೇಲೆ ಸ್ವಲ್ಪ ನಂಬಿಕೆ ಬಂದಿದೆ ಎಂದು ನನಗೆ ಗೊತ್ತು.

ಈಗ ಸಾಮಾನುಗಳ ಕ್ಷೇಮ ಸಮಾಚಾರ. ನೀನು ಹೋದ ಮರುದಿನ ಕುಕ್ಕರಿನ ರಬ್ಬರು ಹೋಯಿತು. ಅದಕ್ಕೆ ಬೇರೆ ರಬ್ಬರು ತಂದೆ, ಅದು ಇನ್ನೊಂದು ಅಳತೆಯ ಕುಕ್ಕರಿನದು. ಆ ಅಳತೆಯ ಕುಕ್ಕರನ್ನೇ ತಂದುಬಿಡೋಣ ಎಂದು ಹೊರಟವನನ್ನು ಮಗಳು ಬಾಗಿಲಲ್ಲೇ ತಡೆದಳು. ನನ್ನ ಅಂಗಿಯ ಗುಂಡಿಯನ್ನು ನಾನೇ ಹೊಲಿದುಕೊಳ್ಳುತ್ತೇನೆ ಎಂದು ನಿನ್ನ ಯಂತ್ರದ ಮುಂದೆ ಕೂತು ಜೇಬಿನ ಬಾಯಿ ಮುಚ್ಚಿ ಹೊಲಿದುಬಿಟ್ಟೆ. ಈಗ ಆ ಅಂಗಿ ತುಂಬ ಪ್ರಾಮಾಣಿಕ ಅಂಗಿ, ಪುರಸಭೆಯವರಿಗೆಲ್ಲ ಒಂದೊಂದು ಹೊಲಿಸಿಕೊಡಬಹುದು. ಕೊನೆಗೆ ನಮ್ಮ ಹಳೆಯ ಫ್ರಿಜ್ ಕೈಕೊಟ್ಟಿತು. ದೀಪ ಉರಿಯುತ್ತದೆ, ಸದ್ದು ಮಾಡುತ್ತದೆ, ಮೈ ನಡುಗಿಸುತ್ತದೆ, ತಣ್ಣಗೆ ಮಾತ್ರ ಮಾಡುವುದಿಲ್ಲ. ಪುರಸಭೆಯ ಸಾಮಾನ್ಯ ಸಭೆಯ ವರದಿಯನ್ನು ತಿದ್ದುವಾಗ ನನಗೆ ಅದೇ ನೆನಪಾಗುತ್ತದೆ.

ನಿನ್ನ ಕುರ್ಚಿ ಮಾತ್ರ ಖಾಲಿ ಬಿದ್ದಿಲ್ಲ. ದೂರು ಹೇಳಲು ಬರುವ ಜನಕ್ಕೆ ಸದಸ್ಯೆ ಇಲ್ಲ ಎಂದರೆ ಕೇಳುತ್ತಾರೆಯೇ? ಮೊದಲೆರಡು ದಿನ ನಾನೇ ಕೂತು ಎಲ್ಲರ ಮಾತಿಗೂ ತಲೆಯಾಡಿಸಿದೆ. ಮೂರನೆಯ ದಿನ ಅಮ್ಮ ಬಾಗಿಲ ಬಳಿ ಸ್ಟೂಲು ಹಾಕಿಕೊಂಡಳು. ನೀನು ಚುನಾವಣೆಗೆ ನಿಂತಾಗ “ಮನೆ ಗುಡಿಸೋದು ಬಿಟ್ಟು ಊರು ಗುಡಿಸ್ತಾಳಂತೆ” ಎಂದು ಮೂಗು ಮುರಿದು, ನೀನು ಗೆದ್ದ ದಿನವೂ ಬೇಕೆಂದೇ ಮಲಗಿದ್ದ ಅಮ್ಮನೇ. ಈಗ ಅವಳ ಆಡಳಿತ ನೋಡಬೇಕು ನೀನು. ಬೀದಿ ದೀಪ ಇಲ್ಲ ಎಂದು ಬಂದ ಕ್ಷೌರಿಕನಿಗೆ “ನಿನ್ನ ಅಂಗಡಿ ಹೊರಗಿನ ದೀಪ ರಾತ್ರಿ ಯಾಕೆ ಆರಿಸ್ತೀಯ?” ಎಂದು ಕೇಳಿದಳು. ಆ ರಾತ್ರಿಯಿಂದ ಬೀದಿಯಲ್ಲಿ ಬೆಳಕಿದೆ. ಪಕ್ಕದ ಮನೆಯವರು ಕಸ ಹಾಕುತ್ತಾರೆ ಎಂದು ಬಂದವಳನ್ನು, ಅದೇ ದೂರು ಹೊತ್ತು ಬಂದ ಪಕ್ಕದ ಮನೆಯವಳ ಜೊತೆಗೇ ಕೂರಿಸಿ ಚಹಾ ಕೊಟ್ಟಳು. “ಸದಸ್ಯರು ಬರೋದು ಯಾವಾಗ?” ಎಂದು ಈಗ ಯಾರೂ ಕೇಳುತ್ತಿಲ್ಲ, ಬೇಗ ಬಾ.

ಇನ್ನು ನಮ್ಮ ಪತ್ರಿಕೆಯ ವಿಷಯ. ನೀನು ಹೋದ ನಾಲ್ಕನೆಯ ದಿನ ನನ್ನ ಮೇಜಿಗೆ ಬಂದ ಕರಡಿನಲ್ಲಿ ‘ಸದಸ್ಯೆ ನಿಗೂಢ ಕಣ್ಮರೆ’ ಎಂದಿತ್ತು. ಕೆಳಗೆ ‘ಸದಸ್ಯೆಯ ಪತಿ ಸಂಪರ್ಕಕ್ಕೆ ಸಿಕ್ಕಿಲ್ಲ’ ಎಂದಿತ್ತು. ಅದನ್ನು ಬರೆದ ವರದಿಗಾರ ನನ್ನ ಎದುರಿನ ಮೇಜಿನಲ್ಲಿ, ನನ್ನದೇ ಫ್ಲಾಸ್ಕಿನ ಚಹಾ ಕುಡಿಯುತ್ತಾ ಕೂತಿದ್ದ. “ನಾನು ಇಲ್ಲೇ ಇದ್ದೀನಲ್ಲಯ್ಯ” ಅಂದೆ. “ನೀವು ಆಫೀಸಿನವರು ಸಾರ್, ನಿಮ್ಮನ್ನ ಸಂಪರ್ಕಿಸೋಕಾಗುತ್ತಾ?” ಅಂದ. ಸಂಪಾದಕರ ಬಳಿ ಹೋದೆ. ತಪ್ಪಿದ್ದರೆ ತಿದ್ದಿ, ಸುದ್ದಿ ಮುಟ್ಟಬೇಡಿ ಅಂದರು. ಹೀಗೆ ನನ್ನ ಹೆಂಡತಿಯ ಕಣ್ಮರೆಯನ್ನು ನಾನೇ ಅಚ್ಚುಕಟ್ಟಾಗಿ ತಿದ್ದಿ ಅಚ್ಚಿಗೆ ಕಳಿಸಿದೆ. ‘ಬಲ್ಲ ಮೂಲಗಳ ಪ್ರಕಾರ’ ಎಂದು ದಿನವೂ ಬರುತ್ತದಲ್ಲ, ಆ ಮೂಲ ನಮ್ಮ ಹಾಲಿನವನು ಎಂಬುದೂ ಈ ವಾರ ತಿಳಿಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬುಧವಾರ ಬಟ್ಟೆ ತಂದ ಡ್ರೈವರ್ ನಿನ್ನ ಮಾತನ್ನು ತಲುಪಿಸಿದ: “ಆ ಫ್ರಿಜ್ ಮನೇಲಿರೋವರೆಗೂ ನಾನು ಮನೆಗೆ ಕಾಲಿಡಲ್ಲ ಅಂತ ಹೇಳು.” ಪಾಪ, ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಇವಳೇ, ಇಷ್ಟು ವರ್ಷದಲ್ಲಿ ನೀನು ನನ್ನ ಮೇಲೆ ಎಷ್ಟೋ ಸಲ ರೇಗಿದ್ದೀಯ, ಮನೆಗೆ ಬರುವುದಿಲ್ಲ ಅಂದದ್ದು ಇದೇ ಮೊದಲು. ಆ ದಿನ ಊಟ ಸೇರಲಿಲ್ಲ. ನೀನು ಪತ್ರಿಕೆ ನೋಡಿದ್ದೀಯ, ಸದಸ್ಯೆಯ ಮನೆಗೆ ಕೆಮ್ಮಿನ ಸಾಹೇಬರಿಂದ ಫ್ರಿಜ್ ಬಂದಿದೆ ‘ಎನ್ನಲಾಗಿದೆ’ ಎಂಬುದನ್ನು ಓದಿದ್ದೀಯ, ನಾನು ಅದನ್ನು ಹಲ್ಲು ಕಿರಿದು ಒಳಗೆ ಬಿಟ್ಟುಕೊಂಡೆ ಎಂದುಕೊಂಡಿದ್ದೀಯ. ನಡೆದದ್ದನ್ನು ಹೇಳುತ್ತೇನೆ ಕೇಳು.

ಹೋದ ಸೋಮವಾರ ನಾನು ಕೆಲಸಕ್ಕೆ, ಮಗಳು ಕಾಲೇಜಿಗೆ ಹೋದ ಮೇಲೆ ಇಬ್ಬರು ಆಳುಗಳು ಒಂದು ಬೀರುವಿನಷ್ಟು ದೊಡ್ಡ ಫ್ರಿಜ್ಜನ್ನು ತಂದು “ಮೇಡಂ ಮನೆ ಇದೇ ಅಲ್ವಾ?” ಎಂದರಂತೆ. ಹಳೆಯದು ಕೆಟ್ಟದ್ದು ನಿನಗೆ ಹೇಗೋ ಗೊತ್ತಾಗಿ ನೀನೇ ಕಳಿಸಿದ್ದೀಯ ಎಂದುಕೊಂಡಳು ಅಮ್ಮ. “ಎಲ್ಲಿದ್ರೂ ಮನೆ ಕಡೆ ಒಂದು ಕಣ್ಣಿಟ್ಟಿದ್ದಾಳೆ” ಎಂದು ಅಕ್ಕಪಕ್ಕದವರ ಮುಂದೆ ನಿನ್ನನ್ನು ಹೊಗಳಿದಳು. ಹೌದು, ನಿಮ್ಮ ಅತ್ತೆ, ನಿನ್ನನ್ನು! ನಾನು ಸಂಜೆ ಬರುವಷ್ಟರಲ್ಲಿ ಅದರೊಳಗೆ ನಮ್ಮ ಹಾಲು, ಎದುರು ಮನೆಯವರ ಹಾಲು, ಕ್ಷೌರಿಕನ ಮೊಟ್ಟೆ, ಹಿಂದಿನ ಬೀದಿಯ ಮುದುಕರೊಬ್ಬರ ಕಣ್ಣಿನ ಔಷಧಿ ಎಲ್ಲವೂ ತಣ್ಣಗೆ ಕೂತಿದ್ದವು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಮರುದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಬಂತು. ಆ ಪುಟ ಮಾತ್ರ ನನ್ನ ಕೈಗೆ ಕೊಟ್ಟಿರಲಿಲ್ಲ, ನೋಡು.

ಪತ್ರಿಕೆ ಬಂದ ಅರ್ಧ ಗಂಟೆಗೆ ಕೆಮ್ಮಿನ ಸಾಹೇಬರೇ ಬಂದರು. ಫ್ರಿಜ್ಜಿನ ಸುತ್ತ ಒಂದು ಸುತ್ತು ಹಾಕಿ, ಕೆಮ್ಮಿ, “ನಾನು ಕಳಿಸೋದಾಗಿದ್ರೆ ಇಷ್ಟು ಚಿಕ್ಕದು ಕಳಿಸ್ತಿದ್ನಾ? ಮರ್ಯಾದೆ ಪ್ರಶ್ನೆ ಇದು” ಎಂದು ಹೇಳಿ, ಕೆಮ್ಮಿ, ಹೋದರು. ಅವರು ಹೋದ ಹಿಂದೆಯೇ ಬಿಳಿ ಬೂಟಿನ ಯಜಮಾನರ ತಮ್ಮ ಬಂದು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ರಾಜಕೀಯ ಇಷ್ಟು ಕೀಳಾಯಿತಲ್ಲ ಎಂದು ಕಣ್ಣೊರೆಸಿಕೊಂಡು, ನಮ್ಮ ಹಾಲಿನಲ್ಲೇ ಚಹಾ ಮಾಡಿಸಿಕೊಂಡು ಕುಡಿದು ಹೋದ. ಊರಿನ ಅಂಗಡಿಗಳಲ್ಲೆಲ್ಲ ವಿಚಾರಿಸಿದೆ. ನಾವು ಮಾರಿಲ್ಲ ಎಂದರು. ಹೆತ್ತವರಿಲ್ಲದ ಫ್ರಿಜ್ಜನ್ನು ಹಿಂದಿರುಗಿಸುವುದು ಯಾರಿಗೆ, ಹೇಳು.

ನಿನ್ನ ಮಾತು ಬಂದ ಮೇಲೆ ಅಮ್ಮನೇ ಎದ್ದಳು. “ಅವಳು ಕಳಿಸಿದ್ದಲ್ಲ ಅಂದ್ಮೇಲೆ ಇದು ಈ ಮನೇಲಿ ಒಂದು ಗಳಿಗೇನೂ ಇರಕೂಡದು” ಎಂದಳು. ಗುರುವಾರ ಕ್ಷೌರಿಕ, ಹಾಲಿನವನು, ಎದುರು ಮನೆಯವರು, ನಾನು, ನಾಲ್ವರು ಸೇರಿ ತಳ್ಳಿದೆವು. ಒಳಗೆ ಬಂದ ಫ್ರಿಜ್ ಹೊರಗೆ ಹೋಗುವುದಿಲ್ಲ! ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡು, ಅಧಿಕಾರ ಬಿಡಲೊಲ್ಲದವರ ಹಾಗೆ ಕಾಲೂರಿ ನಿಂತಿತು. ಕೆಲಸಕ್ಕೆ ಹೊತ್ತಾಯಿತೆಂದು ನಾನು ಅಡುಗೆಮನೆಯ ಕಿಟಕಿಯಿಂದ ಹೊರಗೆ ಇಳಿಯಬೇಕಾಯಿತು. ಸರಿಯಾಗಿ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇರುವಾಗ ನಮ್ಮ ವರದಿಗಾರ ಬಂದ. ‘ಸದಸ್ಯೆಯ ಪತಿ ಕಿಟಕಿಯಿಂದ ಪರಾರಿ’ ಎಂಬ ಸುದ್ದಿಯನ್ನು ಆ ಸಂಜೆ ತಿದ್ದಿದವನೂ ನಾನೇ. ಕೊನೆಗೆ ಬಡಗಿ ಬಂದು ಬಾಗಿಲನ್ನೇ ಕಳಚಿ ಫ್ರಿಜ್ಜನ್ನು ಬೀದಿಗೆ ಇಳಿಸಿದ. ಬಾಗಿಲು ಇನ್ನೂ ಗೋಡೆಗೆ ಒರಗಿಕೊಂಡಿದೆ, ಸದ್ಯಕ್ಕೆ ನಮ್ಮ ಮನೆಯಲ್ಲಿ ಪಾರದರ್ಶಕ ಆಡಳಿತ.

ಮಗಳು ಒಂದು ರಟ್ಟಿನ ಮೇಲೆ ‘ಕಳಿಸಿದವರು ದಯವಿಟ್ಟು ಬಂದು ಒಯ್ಯಿರಿ’ ಎಂದು ಬರೆದು ಅದಕ್ಕೆ ಅಂಟಿಸಿದಳು. ಕಳಿಸಿದವರು ಬಂದರೆ ಸಿಕ್ಕಿಬೀಳುತ್ತಾರೆ, ಬರದಿದ್ದರೆ ಫ್ರಿಜ್ ಕಳೆದುಕೊಳ್ಳುತ್ತಾರೆ. ಅಮ್ಮ ಅದರ ಪಕ್ಕಕ್ಕೇ ಸ್ಟೂಲು ಎಳೆದುಕೊಂಡು, ಕೊಡೆ ಬಿಚ್ಚಿಕೊಂಡು ಕೂತಿದ್ದಾಳೆ. ನೋಡಲು ಪಕ್ಕದ ವಾರ್ಡಿನಿಂದಲೂ ಜನ ಬರುತ್ತಿದ್ದಾರೆ. ಇಷ್ಟಾದರೂ ಇದುವರೆಗೆ ಯಾರೂ ಒಯ್ಯಲು ಬಂದಿಲ್ಲ. ಆದರೆ ಒಂದು ಮಾತು ನಂಬು. ಆ ಫ್ರಿಜ್ಜಿನ ಒಂದು ಲೋಟ ತಣ್ಣೀರನ್ನೂ ನಾನು ಕುಡಿದಿಲ್ಲ. ಯಾರಿಗೆ ಕೈ ಎತ್ತಬೇಕೆಂದು ಹೇಳುವ ಬುದ್ಧಿವಂತಿಕೆ ನನಗಿಲ್ಲ, ಹೇಳಿದರೂ ನೀನು ಕಿವಿಗೆ ಹಾಕಿಕೊಳ್ಳುವವಳಲ್ಲ. ಎತ್ತಿದ ಮೇಲೆ ನೇರವಾಗಿ ಮನೆಗೆ ಬಾ. ನೀನಿಲ್ಲದೆ ಮನೆ ಭಣಗುಟ್ಟುತ್ತಿದೆ ಎಂದು ಬರೆದರೆ ಓದುತ್ತಿರುವ ಮಹನೀಯರು ನಗುತ್ತಾರೆ. ನಗಲಿ, ಭಣಗುಟ್ಟುತ್ತಿದೆ.

ಮಗಳು ನಿನಗೆ ಮುತ್ತು ಕಳಿಸಿದ್ದಾಳೆ, ತನ್ನ ಅಂಕಪಟ್ಟಿಯ ವಿಷಯ ಬರೆಯಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ. ಅಮ್ಮ ಬಾಯಿ ಬಿಟ್ಟು ಆಶೀರ್ವಾದ ಹೇಳಿಲ್ಲ, ಆದರೆ ಶಾಲನ್ನು ಬಿಸಿಲಿಗೆ ಹಾಕಿ ಮಡಿಸಿದವಳು ಅವಳೇ. ಬಿಳಿ ಬೂಟಿನ ಯಜಮಾನರಿಗೆ, ನಿನ್ನನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿರುವುದಕ್ಕೆ, ನನ್ನ ಗೌರವಪೂರ್ವಕ ನಮಸ್ಕಾರ ತಿಳಿಸು. ಮೈಯ ಕಡೆ ಜೋಪಾನ.

ಇತಿ, ದಿನಕ್ಕೆ ನೂರು ಸಲ ನೀನು ಕೂಗುವ, ಈಗ ಯಾರೂ ಕೂಗದ,
ನಿನ್ನ ‘ರೀ’

ತಾ.ಕ.: ಇವಳೇ, ಇದು ಬೇರೆ ಚೀಟಿ. ನಿನ್ನ ಒಳಲಂಗದ ಅಂಚಿನಲ್ಲಿ ಇದಕ್ಕೆಂದೇ ಅಮ್ಮ ಹೊಲಿದು ಜಾಗ ಮಾಡಿಟ್ಟಿದ್ದಾಳೆ, ಬಾಯಿ ಮುಚ್ಚುವ ಕೊನೆಯ ಹೊಲಿಗೆ ನನ್ನದು. ಹೊಲಿಗೆ ಹಾವು ಹರಿದ ಹಾಗಿದೆ. ಅದನ್ನು ಕಂಡು ನೀನು ಬಿಚ್ಚದೆ ಇರಲಾರೆ, ಕಾವಲಿನ ಗಂಡಸರು ಅದನ್ನು ಮುಟ್ಟಲಾರರು, ಎರಡೂ ಅಮ್ಮನ ಲೆಕ್ಕಾಚಾರವೇ. ಪತ್ರ ಮುಗಿಸಿ ಮಡಿಸುವಷ್ಟರಲ್ಲಿ ಡ್ರೈವರ್ ಬಂದ. ಬೀದಿಯಲ್ಲಿ ಫ್ರಿಜ್ ಕಂಡವನೇ “ಅಯ್ಯೋ ಅಜ್ಜಿ, ಬಿಸಿಲಿಗೆ ಯಾಕೆ ಇಟ್ರಿ? ಒಂದು ಗೀರೂ ಬೀಳದ ಹಾಗೆ ತಲುಪಿಸು ಅಂದಿದ್ರು ಯಜಮಾನ್ರು, ನನ್ನ ಚರ್ಮ ಸುಲೀತಾರೆ” ಎಂದುಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ. ಅಮ್ಮ ಅವನನ್ನು ಒಳಗೆ ಕೂರಿಸಿ ಊಟ ಬಡಿಸಿ ಎಲ್ಲ ಬಾಯಿಬಿಡಿಸಿದಳು. ಕೊಂಡದ್ದು ಪಕ್ಕದ ಊರಿನಲ್ಲಿ, ಬೀದಿಯ ತಿರುವಿನವರೆಗೆ ತಂದದ್ದು ಇವನ ವ್ಯಾನಿನಲ್ಲಿ. ಕಳಿಸಿದವರು ಬಿಳಿ ಬೂಟಿನವರು, ಪತ್ರಿಕೆಗೆ ಸುದ್ದಿ ಕೊಟ್ಟವರೂ ಅವರೇ. ಸಾಹೇಬರು ನಿನ್ನನ್ನು ಕೊಳ್ಳಲು ಬಂದರು ಎಂದು ನಿನಗೆ ಸಿಟ್ಟು ಬರಲಿ, ಆ ಸಿಟ್ಟಿನಲ್ಲಿ ನೀನು ತಮಗೇ ಕೈ ಎತ್ತಲಿ ಎಂದು ಈ ಆಟ. ಡ್ರೈವರನ ಮಾತು ಎಲ್ಲೂ ಎತ್ತಬೇಡ, ಪಾಪ, ಮಕ್ಕಳುಮರಿ ಇರುವವನು. ಪತ್ರದಲ್ಲಿ ಯಜಮಾನರಿಗೆ ಹಾಕಿದ ನಮಸ್ಕಾರವನ್ನು ಹಾಗೇ ಬಿಟ್ಟಿದ್ದೇನೆ, ಅನುಮಾನ ಬರಬಾರದು.

ಅಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: “ಅವಳಿಗೆ ಹೆದರಬೇಡ ಅನ್ನು. ಯಾವನಿಗೆ ಬೇಕಾದ್ರೂ ಕೈ ಎತ್ಲಿ, ಬೇಡ ಅನ್ನಿಸಿದ್ರೆ ಕೈ ಕಟ್ಟಿಕೊಂಡು ಕೂತ್ಕೊಳ್ಲಿ. ಸೋಮವಾರ ಮಾರ್ಕೆಟ್ ಹೆಂಗಸರೆಲ್ಲ ಹೊಟ್ಟೆ ತುಂಬ ನೀರು ಕುಡಿದು ಪುರಸಭೆ ಬಾಗಿಲಿಗೆ ಬರ್ತೀವಿ. ಅಲ್ಲಿ ಯಜಮಾನ್ರಿಗೆ ಅಂತ ಕಟ್ಟಿಸಿರೋ ಶೌಚಾಲಯ ಇದೆಯಲ್ಲ, ಅದ್ರ ಮುಂದೆ ಸಾಲಾಗಿ ನಿಲ್ತೀವಿ. ಮುಂದೆ ನಾನು ನಿಂತಿರ್ತೀನಿ.”

ಅವರಿಗೆಲ್ಲ ಹೇಳಿ ಬರಲು ಈಗ ಮಾರುಕಟ್ಟೆಗೆ ಹೊರಟಳು. ಹೊರಡುವ ಮೊದಲು ಅಡುಗೆಮನೆಗೆ ಬಂದು, ನನ್ನ ಎದುರಿಗೇ ನಿಂತು, ದೊಡ್ಡ ಲೋಟದ ತುಂಬ ನೀರು ತುಂಬಿಸಿಕೊಂಡು ಕೊನೆಯ ಹನಿಯವರೆಗೂ ಕುಡಿದಳು.